ಒಂದು ಕ್ಯಾಸೆಟ್ಟಿಗಾಗಿ ಕುಕ್ಕುಂದೂರಿಗೆ

ಬೆಳಗ್ಗೆ ಏಳೂವರೆಗೆ ಮಣಿಪಾಲದ ಮನೆ ಬಿಟ್ಟೆ. ಹೊರಡುವ ಮೊದಲು ನನ್ನ ಹಳೆಯ ಕಂಪ್ಯೂಟರನ್ನು ಧೂಳು ಒರೆಸಿ ಟಿ.ವಿ.ಗೆ ಜೋಡಿಸಿಟ್ಟೆ. ಕಾಲೇಜಿನ ದಿನಗಳಲ್ಲಿ ಮಾವ ದುಬೈಯಿಂದ ತಂದುಕೊಟ್ಟದ್ದು. ಈಗಿನ ಕೀಬೋರ್ಡಿನಷ್ಟೇ ದೊಡ್ಡದು, ಆದರೂ ಓಡುತ್ತದೆ.

ಅದರಲ್ಲಿ ನಾನೂ ಗೆಳೆಯ ಲಾರೆನ್ಸನೂ ಸೇರಿ ‘ದೋಣಿ’ ಎಂಬ ಆಟ ಬರೆದಿದ್ದೆವು. ಕಾಪು ಕಡಲತೀರದ ಬಂಡೆಗಳ ನಡುವೆ ದೋಣಿಯನ್ನು ನಡೆಸಿ ದಡ ಮುಟ್ಟಿಸಬೇಕು. ದಡ ಮುಟ್ಟುವ ಕೊನೆಯ ದೃಶ್ಯ ಬರೆಯಲು ಲಾರೆನ್ಸ್ ಕಂಪ್ಯೂಟರನ್ನು ತನ್ನ ಮನೆಗೆ ಒಯ್ದ. ಆಗ ಆಟಗಳನ್ನು ಉಳಿಸುತ್ತಿದ್ದದ್ದು ಮಾಮೂಲಿ ಹಾಡಿನ ಕ್ಯಾಸೆಟ್ಟಿನಲ್ಲಿ; ಟೇಪ್ ರೆಕಾರ್ಡರಿಗೆ ಹಾಕಿದರೆ ಆಟ ಬರೀ ಕಿರ್ರ್ ಎಂದು ಕೇಳಿಸುತ್ತಿತ್ತು. ನಮ್ಮ ಬಳಿ ಇದ್ದದ್ದು ಒಂದೇ ಒಂದು. ಹೇಳಿದ ಭಾನುವಾರ ನೋಡಲು ಹೋದರೆ ಅವನು ಮುಖ ಕೊಡದೆ, “ಇನ್ನೂ ಆಗಲಿಲ್ಲ” ಎಂದ. ಆಟವನ್ನು ಯಾರಿಗೋ ಕೊಟ್ಟು ಒಬ್ಬನೇ ಹೆಸರು ಮಾಡಹೊರಟಿದ್ದಾನೆ ಎಂದುಕೊಂಡು ನಾನು ಕಂಪ್ಯೂಟರನ್ನು ವಾಪಸು ತಂದು ಮಾತು ಬಿಟ್ಟೆ. ಹೋದ ವರ್ಷ ಅವನು ತೀರಿಕೊಂಡ. ಸಿಟ್ಟು ಹೋಯಿತು, ಆ ದೃಶ್ಯವನ್ನು ಒಮ್ಮೆ ನೋಡುವ ಆಸೆ ಉಳಿಯಿತು. ಕಾರ್ಕಳದ ಬಳಿಯ ಕುಕ್ಕುಂದೂರಿನಲ್ಲಿರುವ ಅವನ ತಂಗಿ ಐರಿನ್ ಫೋನಿನಲ್ಲಿ, “ಕ್ಯಾಸೆಟ್ ಉಂಟು, ಬನ್ನಿ” ಎಂದಿದ್ದಳು.

ಬರಿಗೈಯಲ್ಲಿ ಹೋಗಬಾರದೆಂದು ಉಡುಪಿಯಲ್ಲಿ ಇಳಿದು ಒಂದು ಕಿಲೋ ಮಟ್ಟುಗುಳ್ಳ ಬದನೆ ಕೊಂಡೆ. ಆಟದ ಆ ಬಂಡೆಗಳನ್ನು ನೋಡಿಯೇ ಹೋಗೋಣವೆಂದು ನೇರ ದಾರಿ ಬಿಟ್ಟು ಕಾಪುವಿನ ಬಸ್ಸು ಹತ್ತಿದೆ. ಹೊರಟದ್ದು ಕಾರ್ಕಳಕ್ಕೆ ಎಂದು ಕೇಳಿ ಕಂಡಕ್ಟರ್ ನಕ್ಕ. “ಕಾರ್ಕಳಕ್ಕೆ ಕಾಪು ಸುತ್ತಿ ಯಾರು ಹೋಗ್ತಾರೆ ಮಾರಾಯ್ರೆ? ಹಿರಿಯಡ್ಕದ ಬಸ್ಸು ಅಲ್ಲೇ ಉಂಟಲ್ವಾ?”

ಕಾಪುವಿಗೆ ಹದಿಮೂರು ಕಿಲೋಮೀಟರ್ ದಾರಿ. ಅಲ್ಲಿ ಬಂಡೆಯ ಮೇಲಿನ ದೀಪಸ್ತಂಭದ ಬಾಗಿಲು ತೆರೆಯುವುದು ಸಂಜೆಗೆ. ಕೆಳಗೆ ನಿಂತು ಬಂಡೆ ಲೆಕ್ಕ ಹಾಕಿದೆ. ಆಟದಲ್ಲಿ ನಾವು ಎರಡು ಹೆಚ್ಚು ಇಟ್ಟಿದ್ದೆವು. ಬಿಸಿಲು ಆಗಲೇ ಚುರುಕಾಗಿತ್ತು. ಬನ್ಸ್ ತಿಂದು, ಚಹಾ ಕುಡಿದು, ಶಿರ್ವದಲ್ಲಿ ಬಸ್ಸು ಬದಲಿಸಿ ಕಾರ್ಕಳ ತಲುಪುವಾಗ ಹನ್ನೊಂದೂವರೆ. ಅಲ್ಲಿಂದ ಕುಕ್ಕುಂದೂರಿಗೆ ರಿಕ್ಷಾ.

ಐರಿನ್ ಗುಳ್ಳ ಒಳಗಿಟ್ಟು ಬಂದು ಕುಳಿತಳು. “ಸುರೇಶಣ್ಣ, ಫೋನಲ್ಲಿ ಹೇಳಿದ್ರೆ ನೀವು ಬರ್ತಿರಲಿಲ್ಲ. ಆಟ ಅದರಲ್ಲಿ ಇಲ್ಲ” ಎಂದಳು.

ಅವರ ತಂದೆ ಬಹರೇನಿನಲ್ಲಿದ್ದರು. ಗಲ್ಫಿನವರ ಮನೆಗಳಲ್ಲಿ ಆಗ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ, ಹೊರಟವರ ಕೈಯಲ್ಲಿ ಕಳಿಸುವುದಿತ್ತು. “ಅಮ್ಮ ಅದನ್ನು ಹಾಕಿ ನೋಡಿದ್ರು, ಬರೀ ಕಿರ್ರ್ ಅಂತ. ಮಳೆಗೆ ಹಾಡು ಹಾಳಾಗಿದೆ ಅಂತ ಅದರ ಮೇಲೆಯೇ ಮಾತಾಡಿದ್ರು. ಅಣ್ಣನೂ ಅದು ಯಾವ ಕ್ಯಾಸೆಟ್ ಅಂತ ಗೊತ್ತಿಲ್ಲದೆ ಮಾತಾಡಿದ. ಕ್ಯಾಸೆಟ್ ಬಹರೇನಿಗೆ ಹೋದ ಮೇಲೆಯೇ ಅವನಿಗೆ ಗೊತ್ತಾದದ್ದು.”

“ನನ್ನ ಹತ್ತಿರ ಹೇಳಬಹುದಿತ್ತಲ್ಲ?”

“ಅಮ್ಮನ ಕಿವಿಗೆ ಬಿದ್ರೆ ಅವರಿಗೆ ಬೇಜಾರಾಗ್ತದೆ ಅಂತ ಯಾರಿಗೂ ಹೇಳ್ಲಿಲ್ಲ. ಅವರು ತೀರಿಹೋಗುವವರೆಗೂ ಹೇಳ್ಲಿಲ್ಲ.”

ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದ ಸಿಟ್ಟಿನ ಬಗ್ಗೆ ನನಗೇ ನಾಚಿಕೆಯಾಯಿತು.

ತಂದೆ ಜತನದಿಂದ ವಾಪಸು ತಂದಿದ್ದ ಕ್ಯಾಸೆಟ್ಟನ್ನು ಅವಳು ಟೇಪ್ ರೆಕಾರ್ಡರಿಗೆ ಹಾಕಿದಳು. ಮೊದಲು ಅಮ್ಮನ ದನಿ: ಬಾವಿಯ ನೀರು, ಕರು ಹಾಕಿದ ದನ. ಆಮೇಲೆ ಕೊಂಕಣಿಯಲ್ಲಿ, ಇಪ್ಪತ್ತು ವರ್ಷದ ಲಾರೆನ್ಸ್: “ಪಪ್ಪಾ, ನಮ್ಮ ದೋಣಿ ದಡ ಮುಟ್ಟಿತು. ಸುರೇಶನಿಗೆ ಹೇಳಲಿಲ್ಲ. ಭಾನುವಾರ ಬರ್ತಾನೆ, ಬಂದೇ ನೋಡಲಿ.”

ಮಾತು ಮುಗಿದು ಕಿರ್ರ್ ಎಂಬ ಸದ್ದು ಬಂತು. ಅಳಿಸದೆ ಉಳಿದ ಆಟದ ತುದಿ ಅದು, ನಾನು ನೋಡದ ಆ ದೃಶ್ಯ. ಮೊದಲಿನ ಭಾಗವಿಲ್ಲದೆ ಯಾವ ಕಂಪ್ಯೂಟರಿಗೂ ಅದು ಅರ್ಥವಾಗುವುದಿಲ್ಲ. ಅರ್ಧ ನಿಮಿಷವೂ ಇರಲಿಲ್ಲ. ಮೂರು ಸಲ ಹಾಕಿಸಿ ಕೇಳಿದೆ.

ನನ್ನ ಕಣ್ಣು ಒದ್ದೆಯಾದದ್ದು ಐರಿನ್‌ಗೆ ಕಂಡಿರಬೇಕು. ಅವಳು ರೆಕಾರ್ಡ್ ಮಾಡುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟು, “ಅಣ್ಣನ ಮಾತು ಮುಗಿದಲ್ಲಿಂದ ಸ್ವಲ್ಪ ಜಾಗ ಉಂಟು, ಸುರೇಶಣ್ಣ. ಅಣ್ಣನಿಗೆ ಎಂತಾದರೂ ಹೇಳಿ” ಎಂದಳು.

ಹೇಳಲು ಬೇಕಾದಷ್ಟಿತ್ತು. ಅವಳ ಬೆರಳನ್ನು ಮೆಲ್ಲಗೆ ಸರಿಸಿದೆ. “ಬೇಡ ಐರಿನ್. ಅಲ್ಲಿ ದೋಣಿ ಉಂಟು.”