ಬಾಗಿಲಾಚೆ ನಿಂತ ಸ್ಪ್ಯಾನರ್ ಮಾಮ

"ಅಮ್ಮಾ, ಸ್ಪ್ಯಾನರ್ ಮಾಮ ಮನೆಗೆ ಹೊರಡುವಾಗ ಜೇಬನ್ನೆಲ್ಲ ಯಾಕೆ ಹೊರಗೆ ಎಳೆದು ತೋರಿಸ್ತಾರೆ?"

ಪುಟ್ಟಿ ಇದನ್ನು ಕೇಳಿದ್ದು ಹಲ್ಲುಜ್ಜುವಾಗ, ಬಾಯಿ ತುಂಬ ನೊರೆ ಇಟ್ಟುಕೊಂಡು. ಅಮ್ಮ "ಮೊದಲು ಉಗುಳು" ಅಂದು ನೀರಿನ ಲೋಟ ಮುಂದೆ ಹಿಡಿದಳು. ಉತ್ತರ ಗೊತ್ತಿದ್ದರೆ ತಾನೇ ಹೇಳುವುದು. ಅವಳೂ ನೋಡಿದ್ದಳಲ್ಲ: ಕೆಲಸ ಮುಗಿದ ಮೇಲೆ ಆತ ಹೊಸ್ತಿಲಲ್ಲಿ ನಿಂತು, ಎರಡೂ ಜೇಬಿನ ಒಳಬಟ್ಟೆಯನ್ನು ಬೆಕ್ಕಿನ ಕಿವಿಯ ಹಾಗೆ ಹೊರಗೆಳೆದು, ಚೀಲದ ಬಾಯಿ ಅಗಲಿಸಿ, "ನೋಡ್ಕೊಳ್ಳಿ ಪುಟ್ಟಿಅಮ್ಮ" ಅನ್ನುತ್ತಿದ್ದ. ಮೊದಮೊದಲು ತಮಾಷೆ ಅಂದುಕೊಂಡಿದ್ದಳು. ದಿನವೂ ಒಂದೇ ತಮಾಷೆ ಮಾಡುವವರು ಉಂಟೇ ಅಂತ ಆಮೇಲೆ ಅನ್ನಿಸಿತ್ತು.

ಪುಟ್ಟಿಯ ಮನೆಯಿದ್ದ ಕಟ್ಟಡದಲ್ಲಿ ಯಾರ ನಲ್ಲಿ ಸೋರಿದರೂ ಆತನೇ, ಫ್ಯಾನು ಕಿರುಗುಟ್ಟಿದರೂ ಆತನೇ. ನಲವತ್ತು ದಾಟಿದ, ಮಾತು ಕಮ್ಮಿಯ ಮನುಷ್ಯ. ಊರಾಚೆ ಯಾರದೋ ಷೆಡ್ಡಿನಲ್ಲಿ ಮಂಚ ಹಂಚಿಕೊಂಡು ಮಲಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮಗಳು ಅವನ ಅಕ್ಕನ ಮನೆಯಲ್ಲಿ ಬೆಳೆಯುತ್ತಿದ್ದಳು. "ನಿನಗೆ ಅಂತ ಒಂದು ಬಾಗಿಲಿರಲಿ, ಆಮೇಲೆ ಕರ್ಕೊಂಡು ಹೋಗು" ಎಂದಿದ್ದಳಂತೆ ಅಕ್ಕ. ಈಗ ಆ ಬಾಗಿಲು ಸಿಗುವುದರಲ್ಲಿತ್ತು. ಕೆಳಗೆ ಪಂಪಿನ ಪಕ್ಕದ ಖಾಲಿ ಕೋಣೆಯನ್ನು ಅವನಿಗೆ ಕೊಟ್ಟು, ಕಟ್ಟಡದ ಕೆಲಸಕ್ಕೆ ಕಾಯಂ ಇಟ್ಟುಕೊಳ್ಳೋಣ ಎಂದು ಎಲ್ಲರೂ ಹೆಚ್ಚುಕಡಿಮೆ ಒಪ್ಪಿದ್ದರು. ಕಿಟಕಿಯ ಕೆಳಗೆ ಮಗಳ ಓದುವ ಮೇಜು ಹಿಡಿಸುತ್ತದೋ ಇಲ್ಲವೋ ಎಂದು ಅವನು ಗೇಣು ಹಾಕಿ ನೋಡಿದ್ದನ್ನು ಪುಟ್ಟಿಯ ಅಮ್ಮ ಕಂಡಿದ್ದಳು.

ಆ ಸೋಮವಾರ ಅವಳ ವಾಷಿಂಗ್ ಮೆಷಿನ್ ಕೆಟ್ಟಿತು. ಆತ ಬಂದು ಹಿಂದಿನ ಪೈಪು ಬದಲಾಯಿಸಿ, ಪರೀಕ್ಷೆಗೆ ಅಂತ ನೀರು ತುಂಬಿಸಿ ಓಡಲು ಬಿಟ್ಟ. ಅಷ್ಟರಲ್ಲಿ ಶಾಲೆಯಿಂದ ಫೋನು. ಪುಟ್ಟಿ ವಾಂತಿ ಮಾಡಿಕೊಂಡಿದ್ದಾಳೆ, ಬಂದು ಕರೆದುಕೊಂಡು ಹೋಗಿ.

"ನೀವಿರಿ, ಈಗ ಬಂದೆ" ಎಂದು ಅವಳು ಚೀಲ ಎತ್ತಿಕೊಂಡಳು.

ಆತ ಸಟ್ಟನೆ ಎದ್ದು ನಿಂತ. "ಬೇಡ, ನಿಲ್ಲಿಸಿಬಿಡ್ತೀನಿ. ನೀವಿದ್ದಾಗ ಬರ್ತೀನಿ."

"ಅಯ್ಯೋ, ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ? ನಿಮ್ಮನೇನೇ ಅಂದ್ಕೊಳ್ಳಿ." ಇದನ್ನು ಹೇಳುವಷ್ಟರಲ್ಲಿ ಅವಳು ಅರ್ಧ ಮೆಟ್ಟಿಲು ಇಳಿದಾಗಿತ್ತು. ದೊಡ್ಡ ಮಾತಾಡಿದೆ ಎಂದು ಒಳಗೊಳಗೆ ಖುಷಿಯೂ ಆಗಿತ್ತು.

ಮಗುವನ್ನು ಹೆಗಲಿಗೆ ಹಾಕಿಕೊಂಡು ವಾಪಸ್ಸು ಬಂದಾಗ ಮೆಟ್ಟಿಲ ಮೇಲೆ ಸೋಪಿನ ನೀರು ಇಳಿಯುತ್ತಿತ್ತು. ಅವಳ ಮನೆ ಬಾಗಿಲು ಮುಚ್ಚಿತ್ತು. ಆತ ಹೊರಗಡೆ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ತೊಯ್ದ ಪ್ಯಾಂಟಿನಲ್ಲಿ ನಿಂತಿದ್ದ. ಎದುರಿಗೆ ಕೆಳಗಿನ ಮನೆಯ ಅಂಕಲ್, ಕಟ್ಟಡದ ಸಂಘದ ಕಾರ್ಯದರ್ಶಿ. ಅವರ ಅಡುಗೆಮನೆಯ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತಂತೆ.

"ಒಳಗಿರೋದು ಬಿಟ್ಟು ಆಚೆ ಯಾಕಪ್ಪಾ ನಿಂತೆ?"

"ಒಬ್ಬನೇ ಇದ್ದೆ ಸಾರ್, ಅದಕ್ಕೆ. ಗಾಳಿಗೆ ಬಾಗಿಲು ಹಾಕ್ಕೊಂಡ್ತು. ಒಳಗೆ ಪೈಪು ಕಿತ್ಕೊಂಡಿರಬೇಕು."

"ಈ ಲಾಕು ನಿನಗೇನು ಲೆಕ್ಕ? ನನ್ನ ಮನೇದು ನೀನೇ ಚಿಟಿಕೆ ಹೊಡೆಯೋದ್ರಲ್ಲಿ ತೆಗೆದಿದ್ದೆಯಲ್ಲ."

"ಅವತ್ತು ನೀವು ಪಕ್ಕದಲ್ಲಿದ್ರಿ ಸಾರ್. ಯಾರೂ ಇಲ್ಲದಾಗ ನಾನು ತೆಗೆದ್ರೆ ಅದಕ್ಕೆ ಬೇರೆ ಹೆಸರು." ಆತ ತಲೆ ಎತ್ತಲಿಲ್ಲ. "ನನ್ನ ಮೇಲೆ ಕಳ್ಳತನದ ಕೇಸಾಗಿದೆ. ಶಿಕ್ಷೆನೂ ಆಗಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಅಂತ ಯಾರೂ ಅಂದೇ ಇರಲಿಲ್ಲ. ಅಂಕಲ್ ಅವಳ ಕಡೆ ನೋಡಿದರು. ಅವಳು ತನ್ನ ಕೀಲಿಯಿಂದ ಬಾಗಿಲು ತೆಗೆದಳು. ಮೆಷಿನ್ ನೀರು ಉಗುಳುತ್ತಲೇ ಇತ್ತು.

"ಭಾನುವಾರದ ಸಭೇಲಿ ಕೋಣೆ ವಿಚಾರ ಮತ್ತೆ ಮಾತಾಡ್ಬೇಕಾಗುತ್ತಮ್ಮಾ," ಅಂದರು ಅಂಕಲ್. "ನಾನು ಕೆಟ್ಟವನಲ್ಲ. ಆದ್ರೆ ಎಲ್ಲರ ಮನೆ ಕೀಲಿಯೂ ಅವನ ಕೈಗೆ ಹೋಗೋ ಕೆಲಸ ಇದು."

ಅವರು ಹೋದ ಮೇಲೆ ಆತ ಬಾಗಿಲು ಹಾರುಹೊಡೆದಿಟ್ಟು ನೆಲ ಒರೆಸಿದ. ಬಟ್ಟೆ ಹಿಂಡುತ್ತಲೇ ಹೇಳಿದ. ಹಿಂದೆ ಒಂದು ಮನೆಯಲ್ಲಿ ಗೀಸರ್ ರಿಪೇರಿಗೆ ಅವನನ್ನು ಒಬ್ಬನೇ ಬಿಟ್ಟು ಹೋಗಿದ್ದರು. ಕನ್ನಡಿಯ ಮುಂದಿದ್ದ ಸರ ಸಂಜೆ ಕಾಣಲಿಲ್ಲ. ವಕೀಲರು, "ಒಪ್ಕೊಂಡ್ರೆ ದಂಡ, ಸ್ವಲ್ಪ ದಿನ ಜೈಲು, ಮುಗೀತು. ಇಲ್ಲಾಂದ್ರೆ ಚಪ್ಪಲಿ ಸವೆಯೋವರೆಗೆ ಕೋರ್ಟಿಗೆ ಅಲೀಬೇಕು" ಅಂದರು. ಆಗ ಮಗಳು ಹೆಂಡತಿಯ ಹೊಟ್ಟೆಯಲ್ಲಿದ್ದಳು. ಒಪ್ಪಿಕೊಂಡ.

"ಮುಗೀತು ಅಂದ್ರಲ್ಲ, ಅದು ಅವರಿಗೆ ಮುಗೀತು. ಆಮೇಲೆ ಕೆಲಸ ಕೇಳಿದಲ್ಲೆಲ್ಲ ಪೊಲೀಸರ ಹತ್ರ ವಿಚಾರಿಸ್ತಾರೆ. ಮೊದಲು ದೊಡ್ಡ ಕತೆ ಹೇಳ್ತಿದ್ದೆ, ಯಾರೂ ಪೂರ್ತಿ ಕೇಳಲ್ಲ. ಈಗ ಹೂಂ ಅಂದುಬಿಡ್ತೀನಿ, ಬೇಗ ಆಗುತ್ತೆ."

ಏನಕ್ಕೆ ಹೂಂ? ಕದ್ದಿದ್ದಕ್ಕೋ, ಕೇಸಾಗಿದ್ದಕ್ಕೋ? ಅವಳ ನಾಲಿಗೆ ತುದಿಗೆ ಬಂದದ್ದು ಅಲ್ಲೇ ಉಳಿಯಿತು. ಒಳಗೆ ಪುಟ್ಟಿ ಅಳುತ್ತಿದ್ದಳು.

ಸಂಜೆ ಗಂಡ ಎಲ್ಲವನ್ನೂ ಕೇಳಿ, "ಒಪ್ಕೊಂಡ ಮೇಲೆ ಕದ್ದ ಹಾಗೇ ಅಲ್ವೇನೇ?" ಎಂದ.

"ಕದ್ದೋನು ಬೀಗ ತೆಗೆಯೋಕೆ ಹೆದರ್ತಾನಾ?"

"ಕದ್ದು ಸಿಕ್ಕಿಬಿದ್ದೋನೇ ಹೆದರೋದು."

"ಕದೀದೆ ಸಿಕ್ಕಿಬಿದ್ದೋನೂ ಹೆದರ್ತಾನೆ."

"ಹಾಗಾದ್ರೆ ಹೆದರಿಕೆಯಿಂದ ಏನೂ ಗೊತ್ತಾಗಲ್ಲ ಅಂತಾಯ್ತು. ಊಟ ಹಾಕು."

ತಟ್ಟೆ ಇಟ್ಟಳು. ಇಡುವ ಮುಂಚೆ, ಯಾಕೆಂದು ತನಗೇ ತಿಳಿಯದೆ, ಕೋಣೆಗೆ ಹೋಗಿ ಬಳೆಯ ಡಬ್ಬಿ ತೆಗೆದು ನೋಡಿದ್ದಳು. ಎಲ್ಲವೂ ಇದ್ದವು. ಇದ್ದದ್ದಕ್ಕೆ ಸಮಾಧಾನವೋ, ನೋಡಿದ್ದಕ್ಕೆ ನಾಚಿಕೆಯೋ, ಡಬ್ಬಿಯನ್ನು ಸೀರೆಗಳ ಅಡಿಗೆ ತಳ್ಳಿ ಬಂದಿದ್ದಳು. ತನ್ನ ಒಳ್ಳೆಯತನವೇ ಅವನ ಕೋಣೆಗೆ ಕಲ್ಲು ಹಾಕಿತಲ್ಲ. ಮೆಷಿನ್ ನಿಲ್ಲಿಸಲು ಬಿಟ್ಟಿದ್ದರೆ ಮುಗಿದಿತ್ತು.

ವಾರವೆಲ್ಲ ಅವಳು ಸಭೆಯಲ್ಲಿ ಆಡುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು, ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ. 'ಇವರು ಕಳ್ಳರಲ್ಲ' ಎಂದು ಶುರು ಮಾಡಿದರೆ, ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳುತ್ತಾರೆ. 'ಕದ್ದಿದ್ದರೂ ಶಿಕ್ಷೆ ಮುಗೀತಲ್ಲ' ಎಂದರೆ, ಕದ್ದ ಎಂದು ತಾನೇ ಸಾರಿದ ಹಾಗೆ. ಅತ್ತ ದರಿ, ಇತ್ತ ಪುಲಿ. ನಡುವೆ ಪುಟ್ಟಿ ಬೇರೆ, "ಅಮ್ಮಾ, ಯಾರ ಹತ್ರ ಮಾತಾಡ್ತಿದ್ದೀಯಾ?"

ಶನಿವಾರ ಮಧ್ಯಾಹ್ನ ಆತ ಬಂದ. ಒಳಗೆ ಬನ್ನಿ ಎಂದರೆ ಬರಲಿಲ್ಲ.

"ನಾಳೆ ನನ್ನ ಪರ ಮಾತಾಡ್ತೀರಂತೆ. ಪುಟ್ಟಿ ಹೇಳಿದ್ಲು."

"ಹೌದು. ಆದ್ರೆ ಏನು ಹೇಳಬೇಕು ಅಂತಾನೇ ಹೊಳೀತಿಲ್ಲ."

"ಹೇಳ್ಬೇಡಿ. ನನ್ನ ಒಳ್ಳೆಯವನು ಅಂದ್ರೆ ನಿಮ್ಮನ್ನೂ ಹಿಡ್ಕೋತಾರೆ." ಆತ ಎಡಗೈಯ ಹೆಬ್ಬೆರಳಲ್ಲಿ ಅಂಗೈಯ ಗ್ರೀಸ್ ಉಜ್ಜಿದ. "ಬದಲಿಗೆ ಒಂದು ಉಪಕಾರ ಮಾಡಿ. ಪೊಲೀಸರು 'ಎಲ್ಲಿಟ್ಟಿದ್ದೀಯಾ' ಅಂತ ಕೇಳಿದ್ರು. ವಕೀಲರು 'ಒಪ್ಕೋತೀಯಾ' ಅಂತ ಕೇಳಿದ್ರು. ಕೆಲಸ ಕೊಡೋರು 'ಕೇಸಿದ್ಯಾ' ಅಂತ ಕೇಳ್ತಾರೆ. ಆ ಸರ ನೀನು ತೆಗೆದ್ಯಾ ಇಲ್ವಾ ಅಂತ ನನ್ನ ಅಕ್ಕನೂ ಕೇಳಿಲ್ಲ."

"ನಾನೂ ಕೇಳಲಿಲ್ಲ," ಎಂದಳು ಅವಳು.

"ಅದಕ್ಕೇ."

"ಈಗಲೇ ಕೇಳ್ಲಾ?"

"ಈಗ ಬೇಡ. ಇಲ್ಲಿ ಹೇಳಿದ್ರೆ ನಿಮಗೊಬ್ಬರಿಗೇ ಹೇಳಿದ ಹಾಗಾಗುತ್ತೆ."

"ಏನು ಹೇಳ್ತೀರಿ?"

ಆತ ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಇಷ್ಟು ವರ್ಷ ಹೂಂ ಹೂಂ ಅಂದು ಬಾಯಿಗೆ ಅದೇ ರೂಢಿಯಾಗಿಬಿಟ್ಟಿದೆ. ಬೇರೆ ಮಾತು ಬರುತ್ತೋ ಇಲ್ವೋ, ನಂಗೂ ಗೊತ್ತಿಲ್ಲ. ಕೋಣೆ ಸಿಗದೇ ಇದ್ರೂ ಪರವಾಗಿಲ್ಲ ಅಂತ ಹೇಳಲ್ಲ, ಸಿಗಬೇಕು. ಆದ್ರೆ ನಾಳೆ, ಎಲ್ಲರೂ ಕೂತ ಮೇಲೆ, ನೀವು ಎದ್ದು ನಿಂತು, ತೆಗೆದ್ರಾ ಇಲ್ವಾ ಅಂತ ನನ್ನ ಕೇಳಿ ಪುಟ್ಟಿಅಮ್ಮ. ಬೇರೇನೂ ಬೇಡ."