ದ್ಯಾಮಮ್ಮ ಸಮುದ್ರಕ್ಕೆ ಇಳಿದದ್ದು

ಸವಳಂಗದ ದ್ಯಾಮಮ್ಮ ನಕ್ಕಿದ್ದನ್ನು ಕಂಡವರು ಊರಲ್ಲಿ ಬಹಳ ಮಂದಿ ಇರಲಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಯುವ ತನಕ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ; ಮುಗಿದ ಮೇಲೆ ಯಾರನ್ನೂ ಬಿಡುತ್ತಿರಲಿಲ್ಲ. ಸೊಸೆ, ಆಳುಗಳು, ಮನೆಯ ಬೆಕ್ಕು ಎಲ್ಲರಿಗೂ ಸಮಪಾಲು ಬೈಗುಳ. ಅಂಥ ಅಜ್ಜಿಯನ್ನು ಕಟ್ಟಿಕೊಂಡು ಸಮುದ್ರ ನೋಡಲು ಹೋದವಳು ಮೊಮ್ಮಗಳು ರುದ್ರಾಣಿ. ಜಗಳೂರಿನ ಸೊಸೆಯಾಗಿ, ಎರಡು ಮಕ್ಕಳ ತಾಯಿಯಾದ ಮೇಲೂ ಆ ಪ್ರವಾಸ ನೆನಪಾದಾಗೆಲ್ಲ ಅವಳಿಗೆ ನಗು ಬರುತ್ತಿತ್ತು.

ಅದು ಎಂಬತ್ತೊಂದನೆಯ ಇಸವಿ. ರುದ್ರಾಣಿ ಹೊನ್ನಾಳಿಯಲ್ಲಿ ಬಿ.ಎ. ಓದುತ್ತಿದ್ದಳು. ಬರುವ ಬೇಸಿಗೆಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರದು ಜಗಳೂರಿನಲ್ಲಿ ಬಟ್ಟೆ ಅಂಗಡಿ. ಅಷ್ಟರೊಳಗೆ ಒಂದೇ ಒಂದು ಸಲ ಸಮುದ್ರಕ್ಕೆ ಇಳಿದು ನಿಲ್ಲಬೇಕು ಎಂಬುದು ಅವಳ ಹಂಬಲ. ಸಹಪಾಠಿ ದುರುಗಮ್ಮನ ಭಾವ ಹೊನ್ನಾವರದ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರು. ಡಿಸೆಂಬರ್ ರಜೆಯಲ್ಲಿ ಶಾಲೆ ಖಾಲಿ. ಬೆಂಚು ಜೋಡಿಸಿದರೆ ಮಂಚ, ಊಟಕ್ಕೆ ಮನೆಯ ಬುತ್ತಿ, ಖರ್ಚೆಂದರೆ ಬಸ್ ಚಾರ್ಜು ಮಾತ್ರ. ಓದುವ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಲಾಡ್ಜು ಎಲ್ಲಿ ಸಿಕ್ಕೀತು?

ಅಪ್ಪ ಮಹೇಶ್ವರಪ್ಪ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ. "ಅಜ್ಜಿ ಜೊತಿಗೆ ಬಂದ್ರೆ ಹೋಗು," ಎಂದರು, ಅವ್ವ ಹೊಸಿಲು ದಾಟುವುದಿಲ್ಲ ಎಂಬ ಧೈರ್ಯದ ಮೇಲೆ. ಜೋಳ ಕೇರುತ್ತಿದ್ದ ದ್ಯಾಮಮ್ಮ ಮೊರ ಕೆಳಗಿಟ್ಟು, "ಯಾವತ್ತು ಹೊರಡಾದು?" ಎಂದುಬಿಟ್ಟರು. ಆಡಿದ ಮಾತು ಹಿಂದಕ್ಕೆ ತಗೊಳ್ಳುವಂತಿರಲಿಲ್ಲ. ಅಪ್ಪ ಇನ್ನೊಂದು ಗಂಟು ಹಾಕಿದರು.

"ದಂಡಿ ಮ್ಯಾಲೆ ಕುಂತು ನೋಡ್ಕಂಡು ಬರ್ರಿ. ನೀರಿಗೆ ಇಳಿಯಂಗಿಲ್ಲ. ತೆರಿ ಹೊಡ್ತಕ್ಕೆ ಕೊರಳಾಗಿನ ಲಿಂಗ ಹೋತು ಅಂದ್ರೆ ಏನು ಗತಿ? ಅವ್ವ, ಇದು ನಿನ್ನ ಜವಾಬ್ದಾರಿ."

ದ್ಯಾಮಮ್ಮ "ಹೂಂ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಇಲ್ಲಿ ಪೂಜಾರಿಯನ್ನು ದೇವರೇ ಜೊತೆಗೆ ಕಳಿಸಿದ್ದ.

ಘಟ್ಟ ಇಳಿಯುವಾಗ ಹುಡುಗಿಯರಿಬ್ಬರೂ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕೂತರೆ, ಅಜ್ಜಿ ಎಲೆ ಅಡಿಕೆ ಮೆಲ್ಲುತ್ತ ಆರಾಮಾಗಿದ್ದರು. ದುರುಗಮ್ಮನ ಅಕ್ಕನ ಮನೆಯಲ್ಲಿ ಮೀನು ಬೇಯುತ್ತಿತ್ತು. ಅಜ್ಜಿ ಆ ದಿಕ್ಕಿಗೇ ತಿರುಗಲಿಲ್ಲ. ಹಾಗಾಗಿ ಮನೆಯ ರೊಟ್ಟಿಯೇ ಗತಿ. ಘಟ್ಟದ ಮೇಲಿನ ಜಾಣರು ಇವರು! ಸವಳಂಗದಲ್ಲಿ ತಿಂಗಳಿಟ್ಟರೂ ಲಟಕ್ಕನೆ ಮುರಿಯುವ ಖಡಕ್ ರೊಟ್ಟಿ, ಕಡಲ ಗಾಳಿಗೆ ಬೆಳಗಾಗುವುದರೊಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಂಡಕ್ಕಿ ಮೆತ್ತಗಾಗಿತ್ತು. "ಇದೆಂಥ ಊರೇ, ಗಾಳಿನೂ ನೀರೇ ಐತೆ," ಎಂದು ಅಜ್ಜಿ ಬೈದರು. ಅದೇ ರೊಟ್ಟಿಯನ್ನು ಸುರುಳಿ ಸುತ್ತಿ ಗುರೆಳ್ಳು ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಎಷ್ಟು ಚೆನ್ನಾಗಿತ್ತು ಅದು! ಆಮೇಲೆ ಯಾವ ಮದುವೆಮನೆಯ ಊಟವೂ ರುದ್ರಾಣಿಗೆ ಅಷ್ಟು ಹಿಡಿಸಲಿಲ್ಲ.

ದುರುಗಮ್ಮನಿಗೆ ಲಿಂಗದ ಕಟ್ಟುಪಾಡಿಲ್ಲ. ಬಂದ ದಿನವೇ ಲಂಗ ಎತ್ತಿ ಕಟ್ಟಿ ತೆರೆಗೆ ಬಿದ್ದಳು, ಬಿದ್ದು ಕೇಕೆ ಹಾಕಿದಳು. ರುದ್ರಾಣಿ ಗಾಳಿಮರದ ನೆರಳಲ್ಲಿ ಅಜ್ಜಿಯ ಪಕ್ಕ ಕೂತು ಮರಳು ಕೆದರಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮರುದಿನವೂ ಅಷ್ಟೇ. ಅಜ್ಜಿ ಮಾತ್ರ ನೀರಿನ ಮೇಲಿಂದ ಕಣ್ಣು ಕೀಳದೆ ಕೂತಿದ್ದರು; ಬೈಗುಳವನ್ನೂ ಮರೆತಿದ್ದರು.

ಹೊರಡುವ ಬೆಳಗ್ಗೆ ರುದ್ರಾಣಿಗೆ ತಡೆಯಲಾಗಲಿಲ್ಲ. ಅಳುತ್ತಲೇ ಕೇಳಿದಳು.

"ಇನ್ಯಾವಾಗ ಬರ್ಲಿ ಅಜ್ಜಿ ನಾನು? ಜಗಳೂರಾಗೆ ಸಮುದ್ರ ಐತೇನು?"

ದ್ಯಾಮಮ್ಮ ಚೀಲದಿಂದ ಮಡಿವಸ್ತ್ರ ತೆಗೆದರು. ಮೊಮ್ಮಗಳ ಕೊರಳಿನಲ್ಲಿ ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಬಿಚ್ಚಿ ಕಣ್ಣಿಗೊತ್ತಿ, ವಸ್ತ್ರದಲ್ಲಿ ಸುತ್ತಿ, ಅವಳ ತಲೆಗೆ ರುಮಾಲಿನಂತೆ ಬಿಗಿದು ಕಟ್ಟಿದರು.

"ಎದಿ ಮ್ಯಾಲಿದ್ರೂ ಲಿಂಗನೇ, ತೆಲಿ ಮ್ಯಾಲಿದ್ರೂ ಲಿಂಗನೇ. ನನ್ನ ತವರು ಸಾಸ್ವೆಹಳ್ಳ್ಯಾಗೆ ಹೊಳಿ ಈಜಾಕೆ ಹೋಗೋವಾಗ ನಾವು ಹಿಂಗೇ ಕಟ್ಕಂತಿದ್ವಿ."

"ನೀನು ಈಜ್ತಿದ್ಯಾ?"

"ಮದುವಿ ಆಗೋಗಂಟ. ಸವಳಂಗಕ್ಕೆ ಬಂದ ಮ್ಯಾಲೆ ಕೆರ್‍ಯಾಗೆ ಬಟ್ಟಿ ಒಗದೆ. ಸೊಸಿ ಆದಾಕಿ ಈಜಿದ್ರೆ ಮಂದಿ ಏನಂತಾರೆ?"

ಹಾಗೆನ್ನುತ್ತಲೇ ತಮ್ಮ ತಲೆಗೂ ಕಟ್ಟಿಕೊಂಡರು. ಸೀರೆ ಕಚ್ಚೆ ಹಾಕಿದರು. ರುದ್ರಾಣಿಯ ಕೈ ಹಿಡಿದು ದಡದಡನೆ ನಡೆದರು. ಮೊದಲ ತೆರೆ ಇಬ್ಬರನ್ನೂ ಮಂಡಿಯೂರಿಸಿತು. ಎರಡನೆಯದಕ್ಕೆ ಅಜ್ಜಿ ಎದೆಯೊಡ್ಡಿ ನಿಂತು ನಕ್ಕರು, ಬಾಯ್ತುಂಬ, ಉಪ್ಪು ನೀರು ಕುಡಿಯುತ್ತಲೇ. ರುದ್ರಾಣಿ ಹುಟ್ಟಿದಾಗಿನಿಂದ ಆ ನಗು ಕೇಳಿರಲಿಲ್ಲ. ತನಗೇಕೆ ಅಳು ಬರುತ್ತಿದೆ ಎಂದು ಅವಳಿಗೆ ತಿಳಿಯಲಿಲ್ಲ.

"ಸಾಕು ಬಾ ಅಜ್ಜಿ, ಬಸ್ಸು ತಪ್ಪತೈತೆ."

"ಸಾಕು ಅಂದೋರ ಮಾತು ಜಲ್ಮೆಲ್ಲ ಕೇಳೀನಿ. ಇನ್ನೊಂದು ತೆರಿ ಬರ್ಲಿ ತಡಿ."

ಸವಳಂಗದ ಮನೆಯ ಪಡಸಾಲೆಯಲ್ಲಿ ಮಹೇಶ್ವರಪ್ಪ ಕಾದಿದ್ದರು. ಮಗಳ ಉಪ್ಪುಗಟ್ಟಿದ ಜಡೆ ನೋಡಿ ಮುಖ ಕೆಂಪಾಯಿತು.

"ನೀರಿಗೆ ಇಳಿದ್ಯೇನೇ?"

"ಇಳಿದಾಕಿ ನಾನು," ಎಂದರು ದ್ಯಾಮಮ್ಮ. "ಮುಳುಗೀನಿ ಅಂತ ನಿನ್ನ ಮಗಳು ನನ್ನ ಹಿಡ್ಕಳಾಕೆ ಬಂದ್ಲು. ಇಬ್ರ ಲಿಂಗನೂ ಐತೆ, ನೋಡ್ಕ. ಮುಳುಗಲಿಲ್ಲ ಬಿಡು, ಈಜಿದೆ."

ಮಹೇಶ್ವರಪ್ಪ ತಾಯಿಯನ್ನೇ ನೋಡಿದರು. ಅವರ ದನಿ ಇಳಿದಿತ್ತು.

"ಅವ್ವ, ನಿಂಗೆ ಈಜು ಬರ್ತಿತ್ತಾ? ನಂಗೆ ಗೊತ್ತೇ ಇರ್ಲಿಲ್ಲ."

"ಯಾವತ್ತಾರ ಕೇಳಿದ್ಯೇನಪ್ಪಾ?" ಎಂದರು ದ್ಯಾಮಮ್ಮ.