ದೊಡ್ಡಮಾದಮ್ಮನ ಹತ್ತನೆಯ ಅರ್ಜಿ

ಕೊಳ್ಳೇಗಾಲದ ಕಚೇರಿ ಎದುರಿನ ಹುಣಸೆಮರದಡಿ ಕೂತು ಅರ್ಜಿ ಬರೆಯುತ್ತಿದ್ದ ಸಿದ್ದಮಲ್ಲಪ್ಪನಿಗೆ ಇಂಗ್ಲಿಷಿನ ಹುಚ್ಚು. ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತಿದ್ದ, ಸರಿ. ಆದರೆ ದನ ಕಳೆದುಹೋಗಲಿ, ಬೇಲಿ ಜಗಳವಾಗಲಿ, ಅವನ ಅರ್ಜಿಯಲ್ಲಿ 'ಟ್ರಿಬ್ಯುಲೇಶನ್' ಇರಲೇಬೇಕು. ಕಷ್ಟ ಅನ್ನುವುದಕ್ಕೆ ಅಷ್ಟು ತೂಕದ ಮಾತು ಇನ್ನೊಂದಿಲ್ಲವೆಂದು ಅವನ ನಂಬಿಕೆ. ನೊಂದವರ ಮಾತು ಕೇಳುವುದಕ್ಕಿಂತ ಅದನ್ನು ಸಿಂಗರಿಸುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತು. ಹಾಗೆಂದು ಕೆಟ್ಟವನೇನಲ್ಲ.

ದೊಡ್ಡಮಾದಮ್ಮ ಹನೂರಿನ ಕಡೆಯವಳು. ಗಂಡ ಸತ್ತಮೇಲೆ ಕೂಲಿನಾಲಿ ಮಾಡಿ ಒಬ್ಬನೇ ಮಗನನ್ನು ಸಾಕಿದ್ದಳು. ಯುದ್ಧದ ಕಾಲದಲ್ಲಿ ಅವನು ರಸ್ತೆ ಕಡಿಯುವ ಕೂಲಿಯಾಗಿ ದಂಡಿನ ಜೊತೆ ಅಸ್ಸಾಮಿಗೆ ಹೋದ. ಆಮೇಲೆ ಸುದ್ದಿಯಿಲ್ಲ. ಬದುಕಿದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಸಾಕಾಗಿತ್ತು ಅವಳಿಗೆ. ಎರಡು ವರ್ಷದಲ್ಲಿ ಒಂಬತ್ತು ಅರ್ಜಿ ಬರೆಸಿದಳು. ಒಂಬತ್ತಕ್ಕೂ ದಂಡಿನ ಕಚೇರಿಯಿಂದ ಒಂದೇ ಉತ್ತರ: ಕರಿಯ ಎಂಬುವವನು ನಮ್ಮ ಪಟ್ಟಿಯಲ್ಲಿಲ್ಲ.

ಒಂಬತ್ತನೆಯ ಉತ್ತರ ಓದಿ ಹೇಳಿದ ದಿನ ಅವಳು ಮರದ ಬೇರಿನ ಮೇಲೆ ಕುಸಿದು ಕೂತಳು. ಏನಾದರೂ ಸಮಾಧಾನ ಹೇಳಬೇಕಲ್ಲ, ಸಿದ್ದಮಲ್ಲಪ್ಪ ತನಗೆ ಗೊತ್ತಿದ್ದನ್ನೇ ಹೇಳಿದ.

"ನಿನ್ನ ಕಷ್ಟಕ್ಕೆ ನಾನು ಟ್ರಿಬ್ಯುಲೇಶನ್ ಅಂತ ಬರೀತೀನಲ್ಲ, ಆ ಮಾತು ಎಲ್ಲಿಂದ ಬಂತು ಗೊತ್ತಾ ದೊಡ್ಡಮಾದಮ್ಮ? ಬಾಳ ಇಂದೆ ರೋಮ್ ದೇಶದಲ್ಲಿ ಕಣದ ತೆನೆ ಮೇಲೆ ಒಂದು ಮರದ ಅಲಗೆ ಎಳೀತಿದ್ರಂತೆ. ಅಡೀಲಿ ಚೂಪು ಕಲ್ಲು. ಆ ಅಲಗೆ ಎಸ್ರೇ ಕಷ್ಟಕ್ಕೂ ಬಂತು. ಅಂಗೆ ಅರೆಸ್ಕಂಡ್ಮೇಲೆ ತಾನೆ ಕಾಳು ಬುಡೋದು?"

"ನಮ್ಮಲ್ಲಿ ಕಲ್ಲುಗುಂಡು ಬುದ್ದಿ," ಎಂದಳು ಅವಳು. "ಕಣದಲ್ಲಿ ಎತ್ತು ಕಟ್ಟಿ ಗುಂಡು ಒಡ್ಯೋದ್ರಲ್ಲಿ ನಮ್ಮ ಮಾವನ್ನ ಮೀರ್ಸೋರು ಇರ್ನಿಲ್ಲ. ಅದ್ಕೇ ಅವ್ರ ಎಸ್ರನ್ನೇ ಮಗಂಗೆ ಇಟ್ಟಿದ್ದು."

ಸಿದ್ದಮಲ್ಲಪ್ಪ ಕೈಲಿದ್ದ ಉತ್ತರವನ್ನು ಮತ್ತೆ ತಿರುವಿ ನೋಡಿದ. "ಯಾವ ಎಸ್ರು? ಕರಿಯ ಅಂತ ತಾನೆ ನೀನು ಬರೆಸಿದ್ದು?"

"ಅದು ನಾನು ಕೂಗೋದು. ಮಾವನ ಎಸ್ರ ಸೊಸೆ ಬಾಯಲ್ಲಿ ಆಡಕ್ಕಾದದಾ ಬುದ್ದಿ?"

ಹೆಂಗಸರು ಗಂಡನ ಹೆಸರು ಹೇಳುವುದಿಲ್ಲವೆಂದು ಅವನಿಗೇನು ಗೊತ್ತಿರಲಿಲ್ಲವೇ? ಗಂಡನ ಹೆಸರನ್ನು ಅವಳ ಊರಿನ ನಾಗಯ್ಯನಿಂದ ಕೇಳಿ ಬರೆದುಕೊಂಡಿದ್ದ. ಮಗನ ಹೆಸರನ್ನೂ ಅವಳು ಹೇಳಲಾರಳೆಂದು ಮಾತ್ರ ಹೊಳೆದಿರಲಿಲ್ಲ. ಸಂತೆಗೆ ಬಂದಿದ್ದ ನಾಗಯ್ಯನನ್ನು ಹುಡುಕಿ ಕೇಳಿದ. "ಮುತ್ತಯ್ಯ ಕಣ್ರಿ," ಎಂದ ನಾಗಯ್ಯ, ಇದೇನು ಕೇಳುವ ಮಾತೇ ಎಂಬಂತೆ.

ಹತ್ತನೆಯ ಅರ್ಜಿ ನಾಲ್ಕೇ ಸಾಲು. ಸಿಂಗಾರ ಒಂದೂ ಇಲ್ಲ. ತಿಂಗಳೊಳಗೆ ಉತ್ತರ ಬಂತು.

ಮುತ್ತಯ್ಯ ಕಾಯಿಲೆ ಬಿದ್ದು ಒಂದೂವರೆ ವರ್ಷ ದಂಡಿನ ಆಸ್ಪತ್ರೆಯಲ್ಲಿದ್ದ. ಎಂಟು ತಿಂಗಳ ಹಿಂದೆ ತೀರಿಕೊಂಡ. ವಿಚಾರಿಸಿದವರು ಯಾರೂ ಇಲ್ಲದ್ದರಿಂದ ಅಲ್ಲೇ ಮಣ್ಣು ಮಾಡಲಾಯಿತು. ಸಿದ್ದಮಲ್ಲಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆರು ಅರ್ಜಿ ಹೋದಾಗ ಹುಡುಗ ಬದುಕಿದ್ದ. ತನ್ನ ಪಾಂಡಿತ್ಯದ ಮೇಲೆ ಅವನಿಗೆ ಅಸಹ್ಯ ಹುಟ್ಟಿತು. ಆದರೂ ಏನನ್ನೂ ಬಚ್ಚಿಡದೆ ಅವಳಿಗೆ ಓದಿ ಹೇಳಿದ.

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಕೇಳಿದಳು:

"ಯಾರೂ ಇಚಾರಿಸ್ನಿಲ್ಲ ಅಂತ ಬರ್ದವ್ರಾ?"

"ಊಂ."

"ಒಂಬತ್ತು ಸತಿ ಕೇಳಿದ್ವಲ್ಲ ಬುದ್ದಿ. ಅವ್ವ ಕೇಳ್ತಾನೇ ಇದ್ಲು ಅಂತ ಅವ್ನಿಗೆ ಒಂದು ಕಾಗ್ದ ಬರೀರಿ."

ಸಿದ್ದಮಲ್ಲಪ್ಪ ಲೇಖನಿಯನ್ನು ಮಸಿಗೆ ಅದ್ದಿದ. ವಿಳಾಸ ಏನೆಂದು ಬರೆಯಬೇಕೋ ತಿಳಿಯದೆ ಹಾಗೇ ಕೂತ.